ಎಂಬತ್ತರ ಹೊಸ್ತಿಲಲ್ಲಿ ಒಂದು ಹೊಸ ಧ್ವನಿಮುದ್ರಿಕೆ

ಕಲೆಯ ಇತಿಹಾಸವನ್ನು ಬರೆಯುವವರಿಗೆ ಯೌವನದ ಮೇಲೆ ಸ್ವಲ್ಪ ಹೆಚ್ಚಿನ ಮಮತೆ. ಕವಿಯಾಗಲಿ ಗಾಯಕನಾಗಲಿ, ಅವನ ಮೊದಲ ಹತ್ತು ಹದಿನೈದು ವರ್ಷಗಳ ಸಾಧನೆಗೆ ನೂರು ಪುಟ ಮೀಸಲಿಟ್ಟು, ಉಳಿದ ನಾಲ್ಕು ದಶಕಗಳನ್ನು ಎರಡು ಪುಟಗಳಲ್ಲಿ ಮುಗಿಸಿಬಿಡುತ್ತಾರೆ. ರಾಕ್ ಸಂಗೀತದ ವಿಷಯದಲ್ಲಂತೂ ಈ ಪಕ್ಷಪಾತ ಇನ್ನೂ ಗಾಢವಾದುದು. ಅದು ಹುಟ್ಟಿದ್ದೇ ಹದಿಹರೆಯದವರ ಸಂಗೀತವಾಗಿ. ಮೂವತ್ತು ದಾಟಿದವನು ಅದನ್ನು ಹಾಡುವುದು ಹಾಸ್ಯಾಸ್ಪದವೆಂದು ಒಂದು ಕಾಲದಲ್ಲಿ ಹಾಡುವವರೇ ನಂಬಿದ್ದರು. ಆ ನಂಬಿಕೆಗೆ ವಿರುದ್ಧವಾಗಿ ನಿಂತ ಒಂದು ಸಾಕ್ಷ್ಯವನ್ನು ಈ ಬರಹದಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಅದು ಇಂಗ್ಲೆಂಡಿನ 'ದಿ ರೋಲಿಂಗ್ ಸ್ಟೋನ್ಸ್' ತಂಡವು 2023ರ ಅಕ್ಟೋಬರ್ 20ರಂದು ಹೊರತಂದ 'ಹ್ಯಾಕ್ನಿ ಡೈಮಂಡ್ಸ್' ಎಂಬ ಆಲ್ಬಮ್. ಆಗ ಗಾಯಕ ಮಿಕ್ ಜಾಗರ್ ಅವರಿಗೆ ಎಂಬತ್ತು ತುಂಬಿ ಮೂರು ತಿಂಗಳಾಗಿತ್ತು. ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರಿಗೆ ಎಂಬತ್ತಾಗಲು ಇನ್ನೆರಡು ತಿಂಗಳು ಬಾಕಿ ಇತ್ತು.

ಮೇಷ್ಟ್ರು ಶಾಸನ, ವೀರಗಲ್ಲುಗಳನ್ನು ಬಿಟ್ಟು ಇದೇನು ಗಿಟಾರಿನವರ ಕಥೆಗೆ ಕೈಹಾಕಿದರು ಎಂದು ನಿಮ್ಮಲ್ಲಿ ಹಲವರು ಹುಬ್ಬೇರಿಸಬಹುದು. ಕಾರಣವಿದೆ. ನನ್ನ ಮೊದಮೊದಲ ತರಗತಿಗಳಲ್ಲಿ ಕುಳಿತಿದ್ದವರು ಈಗ ಒಬ್ಬೊಬ್ಬರಾಗಿ ನಿವೃತ್ತಿಯ ಅಂಚಿಗೆ ಬಂದಿದ್ದೀರಿ. ಬರೆಯುವ ಪತ್ರಗಳಲ್ಲಿ, ಮಾಡುವ ದೂರವಾಣಿ ಕರೆಗಳಲ್ಲಿ ಪದೇ ಪದೇ ಒಂದೇ ಪ್ರಶ್ನೆ ಇಣುಕುತ್ತಿದೆ: "ಇನ್ನು ಮುಂದೇನು ಸಾರ್?" ಉಪದೇಶ ಮಾಡುವುದು ನನಗೆ ಎಂದೂ ಒಗ್ಗಿದ್ದಲ್ಲ. ಇತಿಹಾಸದಿಂದ ಒಂದು ಉದಾಹರಣೆಯನ್ನು ತೆಗೆದು ಮೇಜಿನ ಮೇಲಿಟ್ಟು, ನೀವೇ ನೋಡಿ ಎನ್ನುವುದು ನನ್ನ ಹಳೆಯ ಕ್ರಮ. ಈಗಲೂ ಅದನ್ನೇ ಮಾಡುತ್ತಿದ್ದೇನೆ.

ಮೊದಲು ಕಥೆಯ ಮೂಲಕ್ಕೆ ಹೋಗೋಣ. ಲಂಡನ್ನಿಗೆ ಸಮೀಪದ ಡಾರ್ಟ್‌ಫರ್ಡ್ ಎಂಬ ಊರಿನಲ್ಲಿ ಒಂದೇ ಪ್ರಾಥಮಿಕ ಶಾಲೆಯಲ್ಲಿ ಕಲಿತ ಇಬ್ಬರು ಹುಡುಗರು, ನಡುವೆ ಹಲವು ವರ್ಷ ಬೇರೆ ಬೇರೆಯಾಗಿದ್ದು, 1961ರ ಅಕ್ಟೋಬರ್ ತಿಂಗಳಲ್ಲಿ ಅದೇ ಊರಿನ ರೈಲು ನಿಲ್ದಾಣದಲ್ಲಿ ಮತ್ತೆ ಭೇಟಿಯಾದರು. ಜಾಗರ್ ಆಗ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ವಿದ್ಯಾರ್ಥಿ, ರಿಚರ್ಡ್ಸ್ ಕಲಾಶಾಲೆಯ ವಿದ್ಯಾರ್ಥಿ. ಹಳೆಯ ಪರಿಚಯ ಸ್ನೇಹವಾಗಿ ಚಿಗುರಲು ಕಾರಣವಾದದ್ದು ಜಾಗರ್ ಕಂಕುಳಲ್ಲಿದ್ದ ಗ್ರಾಮಫೋನ್ ತಟ್ಟೆಗಳು. ಒಂದು ಚಕ್ ಬೆರ್ರಿಯವರದು, ಇನ್ನೊಂದು ಮಡ್ಡಿ ವಾಟರ್ಸ್ ಅವರದು. ಇಬ್ಬರೂ ಅಮೆರಿಕದ ಕಪ್ಪು ಸಂಗೀತಗಾರರು. ಆ ತಟ್ಟೆಗಳು ಅಂದಿನ ಇಂಗ್ಲೆಂಡಿನಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಅವುಗಳನ್ನು ಹುಡುಕಿ ತರಿಸಿಕೊಳ್ಳುತ್ತಿದ್ದ ಹುಡುಗರು ಪರಸ್ಪರ ಗುರುತು ಹಿಡಿಯಲು ಬೇರೆ ಪರಿಚಯಪತ್ರ ಬೇಕಿರಲಿಲ್ಲ.

ಮಡ್ಡಿ ವಾಟರ್ಸ್ ಅವರ ನಿಜನಾಮ ಮೆಕಿನ್ಲಿ ಮಾರ್ಗನ್‌ಫೀಲ್ಡ್. ಮಿಸಿಸಿಪಿ ಸೀಮೆಯ ಹತ್ತಿ ತೋಟದಲ್ಲಿ ದುಡಿಯುತ್ತಾ ಹಾಡುತ್ತಿದ್ದ ಅವರು 1943ರಲ್ಲಿ ಶಿಕಾಗೋ ನಗರಕ್ಕೆ ವಲಸೆ ಹೋದರು. ಹೊಲದಲ್ಲಿ ಹುಟ್ಟಿದ ಬ್ಲೂಸ್ ಸಂಗೀತಕ್ಕೆ ನಗರದ ಗದ್ದಲದ ನಡುವೆಯೂ ಕೇಳಿಸುವಂತೆ ವಿದ್ಯುತ್ ಗಿಟಾರನ್ನು ಜೋಡಿಸಿದವರಲ್ಲಿ ಅವರು ಪ್ರಮುಖರು. 1950ರಲ್ಲಿ ಅವರು ಧ್ವನಿಮುದ್ರಿಸಿದ ಒಂದು ಹಾಡಿನ ಹೆಸರು 'ರೋಲಿನ್ ಸ್ಟೋನ್'. ಹನ್ನೆರಡು ವರ್ಷಗಳ ನಂತರ, ಬ್ರಯನ್ ಜೋನ್ಸ್ ಎಂಬ ಇನ್ನೊಬ್ಬ ಬ್ಲೂಸ್ ಪ್ರೇಮಿಯೊಡನೆ ಸೇರಿ ಈ ಹುಡುಗರು ಕಟ್ಟಿದ ತಂಡಕ್ಕೆ ಆ ಹಾಡಿನಿಂದಲೇ ಹೆಸರು ಬಂತು. 1962ರ ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಆ ಹೆಸರಿನಡಿ ಮೊದಲ ಕಾರ್ಯಕ್ರಮ ನಡೆಯಿತು. ಆ ವರ್ಷದ ಕೊನೆಗೆ ಬೇಸ್ ಗಿಟಾರಿಗೆ ಬಿಲ್ ವೈಮನ್, ಮರುವರ್ಷದ ಆರಂಭದಲ್ಲಿ ಡ್ರಮ್ಸಿಗೆ ಚಾರ್ಲಿ ವಾಟ್ಸ್ ಬಂದು ಸೇರಿದರು.

ಈ ಚಾರ್ಲಿ ವಾಟ್ಸ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ನಮ್ಮ ಕಥೆಯ ತಿರುವು ಅವರಲ್ಲಿಯೇ ಇದೆ. ಜಾಹೀರಾತು ಸಂಸ್ಥೆಯಲ್ಲಿ ವಿನ್ಯಾಸಕಾರರಾಗಿದ್ದ ಅವರಿಗೆ ಪ್ರಿಯವಾದದ್ದು ಜಾಝ್ ಸಂಗೀತ. ವೇದಿಕೆಯ ಮುಂಭಾಗದಲ್ಲಿ ಜಾಗರ್ ಕುಣಿಯುತ್ತಿದ್ದರೆ ಹಿಂದೆ ಇವರು ಗುಮಾಸ್ತರೊಬ್ಬರು ಲೆಕ್ಕ ಬರೆಯುವಷ್ಟು ಶಾಂತವಾಗಿ ತಾಳ ಹಿಡಿದಿರುತ್ತಿದ್ದರು. ದರ್ಜಿಯಿಂದ ಅಳತೆ ಕೊಟ್ಟು ಹೊಲಿಸಿದ ಸೂಟು, ಚಿಕ್ಕದೊಂದು ಡ್ರಮ್ ಜೋಡಣೆ, ಅನಾವಶ್ಯಕವಾದ ಒಂದು ಪೆಟ್ಟೂ ಇಲ್ಲ. 1967ರಿಂದ ಆಚೆಗೆ ಪ್ರವಾಸಗಳಲ್ಲಿ ತಾವು ಮಲಗಿದ ಪ್ರತಿಯೊಂದು ಹೋಟೆಲ್ ಮಂಚದ ಚಿತ್ರವನ್ನೂ ಬರೆದಿಟ್ಟಿರುವುದಾಗಿ ಅವರು ಹೇಳಿಕೊಂಡಿದ್ದರು. ಮನೆಯಿಂದ ದೂರವಿರುವುದನ್ನು ಇಷ್ಟಪಡದ ಮನುಷ್ಯ ಅರ್ಧ ಶತಮಾನ ಕಾಲ ಊರೂರು ತಿರುಗಿದ್ದಕ್ಕೆ ಇದಕ್ಕಿಂತ ನಿಷ್ಠುರವಾದ ದಿನಚರಿ ಇರಲಾರದು.

ಸ್ಟೋನ್ಸ್ ತಂಡದ ಸುವರ್ಣಯುಗವೆಂದು ವಿಮರ್ಶಕರು ಒಪ್ಪಿರುವ ಅವಧಿ ಬಹಳ ಚಿಕ್ಕದು. 1968ರ 'ಬೆಗರ್ಸ್ ಬ್ಯಾಂಕ್ವೆಟ್', 1969ರ 'ಲೆಟ್ ಇಟ್ ಬ್ಲೀಡ್', 1971ರ 'ಸ್ಟಿಕಿ ಫಿಂಗರ್ಸ್', 1972ರ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್', ಹೀಗೆ ನಾಲ್ಕೈದು ವರ್ಷಗಳಲ್ಲಿ ನಾಲ್ಕು ಆಲ್ಬಮ್‌ಗಳು. ಅದೇ ಅವಧಿಯ ನಡುವೆ, 1969ರ ಜುಲೈಯಲ್ಲಿ, ತಂಡದಿಂದ ಹೊರಬಿದ್ದು ಒಂದು ತಿಂಗಳೂ ಕಳೆಯುವ ಮೊದಲೇ ಬ್ರಯನ್ ಜೋನ್ಸ್ ತಮ್ಮ ಮನೆಯ ಈಜುಕೊಳದಲ್ಲಿ ಸತ್ತರು. ಅವರಿಗಾಗ ಇಪ್ಪತ್ತೇಳು ವರ್ಷ. ಅವರ ಸ್ಥಾನಕ್ಕೆ ಬಂದ ಮಿಕ್ ಟೇಲರ್ 1974ರ ಕೊನೆಗೆ ಬಿಟ್ಟುಹೋದರು. ಮರುವರ್ಷ ರಾನಿ ವುಡ್ ಬಂದರು. 1980ರ ದಶಕದಲ್ಲಿ ಜಾಗರ್ ಮತ್ತು ರಿಚರ್ಡ್ಸ್ ನಡುವೆ ಮಾತು ಮುರಿದುಬೀಳುವಷ್ಟು ಮನಸ್ತಾಪ ಬಂದು, 1989ರಲ್ಲಿ ರಾಜಿಯಾಗಿ 'ಸ್ಟೀಲ್ ವೀಲ್ಸ್' ಹೊರಬಂತು. 1993ರಲ್ಲಿ ಬಿಲ್ ವೈಮನ್ ನಿರ್ಗಮಿಸಿದರು. 1994ರ 'ವೂಡೂ ಲೌಂಜ್' ಆಲ್ಬಮ್ಮಿಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. ಈ ಇಸವಿಗಳನ್ನು ನೀವು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ತಂಡ ಎಷ್ಟು ಸಲ ಮುರಿಯಬಹುದಾಗಿತ್ತು, ಆದರೂ ಮುರಿಯಲಿಲ್ಲ ಎಂಬುದನ್ನು ಗಮನಿಸಿದರೆ ಸಾಕು.

2003ರ ಏಪ್ರಿಲ್ 4ರಂದು ಇದೇ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು. ನಲವತ್ತು ವರ್ಷ ತುಂಬಿದ ಸಂಭ್ರಮದ ವಿಶ್ವಪ್ರವಾಸ ಅದು. ಮೂರು ದಿನಗಳ ನಂತರ ಮುಂಬಯಿಯಲ್ಲಿ ಇನ್ನೊಂದು ಕಾರ್ಯಕ್ರಮ ನಡೆಯಿತು. ಜಾಗರ್ ಅವರಿಗಾಗ ಐವತ್ತೊಂಬತ್ತು, ವಾಟ್ಸ್ ಅವರಿಗೆ ಅರವತ್ತೊಂದು. ನಮ್ಮ ಸರ್ಕಾರಿ ಲೆಕ್ಕದ ಪ್ರಕಾರ ಇಬ್ಬರೂ ಪಿಂಚಣಿದಾರರು. ಅಂದು ಆ ಮೈದಾನದಲ್ಲಿ ನಿಂತಿದ್ದವರಿಗೆ, ಈ ತಂಡದ ಒಂದು ಮುಖ್ಯ ಕೆಲಸ ಇನ್ನೂ ಇಪ್ಪತ್ತು ವರ್ಷ ಮುಂದಿದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದರು.

ಮುಂದಿನ ಆಲ್ಬಮ್ 'ಎ ಬಿಗರ್ ಬ್ಯಾಂಗ್' 2005ರಲ್ಲಿ ಬಂತು. ಅದರ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. 2004ರಲ್ಲಿ ಚಾರ್ಲಿ ವಾಟ್ಸ್ ಅವರಿಗೆ ಗಂಟಲಿನ ಕ್ಯಾನ್ಸರ್ ಕಾಣಿಸಿಕೊಂಡು, ಅವರು ಚಿಕಿತ್ಸೆ ಪಡೆಯುತ್ತಿದ್ದ ದಿನಗಳಲ್ಲಿ ಜಾಗರ್ ಮತ್ತು ರಿಚರ್ಡ್ಸ್ ಇಬ್ಬರೇ ಎದುರುಬದುರು ಕುಳಿತು ಹಾಡು ಕಟ್ಟಲಾರಂಭಿಸಿದರು. ವಾಟ್ಸ್ ಚೇತರಿಸಿಕೊಂಡು ಬಂದು ಡ್ರಮ್ಸ್ ನುಡಿಸಿದರು. ಅದಾದ ಮೇಲೆ ಮುಂದಿನ ಹೊಸ ಹಾಡುಗಳ ಆಲ್ಬಮ್ ಬರಲು ಹದಿನೆಂಟು ವರ್ಷ ಹಿಡಿಯಿತು.

ಹದಿನೆಂಟು ವರ್ಷ! ಒಂದನೆಯ ತರಗತಿಗೆ ಸೇರಿದ ಮಗು ಸ್ನಾತಕೋತ್ತರ ಪದವಿ ಮುಗಿಸಿ ಕೆಲಸಕ್ಕೆ ಸೇರುವಷ್ಟು ದೀರ್ಘವಾದ ಕಾಲ. ಇತಿಹಾಸದ ವಿದ್ಯಾರ್ಥಿ ಇಂಥ ಅಂತರವನ್ನು ಕಂಡಾಗ ಕಾರಣ ಕೇಳಬೇಕು. ಶಕ್ತಿ ಉಡುಗಿತ್ತೇ? ಇಲ್ಲ. ಆ ವರ್ಷಗಳಲ್ಲಿ ಅವರು ಬೃಹತ್ ಕ್ರೀಡಾಂಗಣಗಳಲ್ಲಿ ಎರಡು ಗಂಟೆ ಕಾಲ ಹಾಡಿ ಕುಣಿದ ಪ್ರವಾಸಗಳು ಹಲವಾರು. ವಾದನ ಮರೆತುಹೋಗಿತ್ತೇ? ಅದೂ ಇಲ್ಲ. 2015ರ ಡಿಸೆಂಬರಿನಲ್ಲಿ ಹೊಸ ಹಾಡುಗಳಿಗೆಂದು ಲಂಡನ್ನಿನ ಸ್ಟುಡಿಯೋ ಒಂದನ್ನು ಹೊಕ್ಕವರು, ಕೈ ಪಳಗಲೆಂದು ಹಳೆಯ ಬ್ಲೂಸ್ ಹಾಡೊಂದನ್ನು ನುಡಿಸಿದರು. ಅದು ಚೆನ್ನಾಗಿ ಬಂತೆಂದು ಇನ್ನೊಂದು, ಮತ್ತೊಂದು ಎಂದು ಮೂರೇ ದಿನಗಳಲ್ಲಿ ಒಂದು ಇಡೀ ಆಲ್ಬಮ್ ಸಿದ್ಧವಾಯಿತು. 2016ರಲ್ಲಿ ಹೊರಬಂದ ಆ 'ಬ್ಲೂ ಅಂಡ್ ಲೋನ್ಸಮ್' ಆಲ್ಬಮ್ಮಿಗೂ ಗ್ರ್ಯಾಮಿ ಬಂತು. ಆದರೆ ಅದರಲ್ಲಿದ್ದದ್ದೆಲ್ಲ ಪರರ ಹಾಡುಗಳು. ತಮ್ಮದೇ ಹೊಸ ಹಾಡುಗಳ ಕೆಲಸ ಮಾತ್ರ ಅರ್ಧಕ್ಕೇ ನಿಂತಿತ್ತು.

ನನಗೆ ತೋರುವ ಕಾರಣ ಬಹಳ ಸರಳ. ಅವರಿಗೆ ಹೊಸದನ್ನು ಮಾಡುವ ಅನಿವಾರ್ಯತೆ ಇರಲಿಲ್ಲ. ಜನ ಸಾವಿರಾರು ರೂಪಾಯಿ ತೆತ್ತು ಬರುತ್ತಿದ್ದದ್ದು 1965ರ, 1969ರ ಹಾಡುಗಳಿಗಾಗಿ. ಹೊಸ ಹಾಡು ಎಂದೊಡನೆ ನೀರು ಕುಡಿಯಲು ಎದ್ದುಹೋಗುವ ಪ್ರೇಕ್ಷಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಹಳೆಯ ಕೀರ್ತಿ ಬ್ಯಾಂಕಿನ ಠೇವಣಿಯಂತೆ. ಬಡ್ಡಿಯಲ್ಲಿಯೇ ಬದುಕು ಸುಖವಾಗಿ ಸಾಗುತ್ತಿರುವಾಗ ಅಸಲಿಗೆ ಒಂದು ರೂಪಾಯಿ ಸೇರಿಸಬೇಕೆಂಬ ಹಂಬಲ ಯಾರಿಗೆ ಹುಟ್ಟುತ್ತದೆ? ಹಾಡುಗಳ ತುಣುಕುಗಳು ರಾಶಿ ಬೀಳುತ್ತಿದ್ದವು. ಮುಗಿಸುವವರಿರಲಿಲ್ಲ. ಮುಂದಿನ ವರ್ಷ ನೋಡೋಣ ಎನ್ನುವುದು ಅಭ್ಯಾಸವಾಗಿತ್ತು.

2019ರಲ್ಲಿ ಜಾಗರ್ ಅವರಿಗೆ ಹೃದಯದ ಕವಾಟದ ಚಿಕಿತ್ಸೆಯಾಯಿತು. ಕೆಲವೇ ವಾರಗಳಲ್ಲಿ ಅವರು ಮತ್ತೆ ವೇದಿಕೆಯ ಮೇಲಿದ್ದರು. ಅದು ಎಚ್ಚರಿಕೆಯ ಗಂಟೆಯಾಗಬಹುದಿತ್ತು, ಆಗಲಿಲ್ಲ. ಅದೇ ವರ್ಷ ಕೆಲವು ಹಾಡುಗಳಿಗೆ ವಾಟ್ಸ್ ಡ್ರಮ್ಸ್ ನುಡಿಸಿ ಮುದ್ರಿಸಿಟ್ಟರು. 2021ರ ಬೇಸಿಗೆಯಲ್ಲಿ ವಾಟ್ಸ್ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಮುಂದಿನ ಅಮೆರಿಕ ಪ್ರವಾಸಕ್ಕೆ ತಾವು ಬರಲಾಗದೆಂದು ತಿಳಿಸಿದರು. ತಮ್ಮ ಸ್ಥಾನಕ್ಕೆ ಹಳೆಯ ಮಿತ್ರ ಸ್ಟೀವ್ ಜೋರ್ಡನ್ ಬಂದರು. 2021ರ ಆಗಸ್ಟ್ 24ರಂದು, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಚಾರ್ಲಿ ವಾಟ್ಸ್ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಐವತ್ತೆಂಟು ವರ್ಷಗಳ ತಾಳ ನಿಂತಿತು.

ಈ ಸಾವಿನ ನಂತರ ತಂಡ ವಿಸರ್ಜನೆಯಾಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಪ್ರವಾಸ ಮಾತ್ರ ಮಾಡುತ್ತಾ ಹಳೆಯ ಹಾಡುಗಳನ್ನೇ ಹಾಡಿದ್ದರೂ ಜನ ಬರುತ್ತಿದ್ದರು. ಅವರು ಆಯ್ದುಕೊಂಡದ್ದು ಮೂರನೆಯ ದಾರಿಯನ್ನು. 2022ರಲ್ಲಿ ಜಾಗರ್, ಇನ್ನು ಹೀಗೆ ಎಳೆದಾಡುವುದು ಬೇಡ, ಒಂದು ಗಡುವು ಹಾಕಿಕೊಳ್ಳೋಣ ಎಂದರು. ಆ ಗಡುವು 2023ರ ಫೆಬ್ರವರಿ 14. ಪ್ರೇಮಿಗಳ ದಿನವೆಂದು ನಮ್ಮ ಮಕ್ಕಳು ಆಚರಿಸುತ್ತಾರಲ್ಲ, ಅದೇ ದಿನ. ತಾವು ಸೋಮಾರಿಗಳಾಗಿದ್ದೆವು ಎಂದು ಅವರು ಆಮೇಲೆ ಪತ್ರಕರ್ತರ ಮುಂದೆ ನಗುನಗುತ್ತಲೇ ಒಪ್ಪಿಕೊಂಡರು.

ನನ್ನ ಮಟ್ಟಿಗೆ ಈ ಇಡೀ ಕಥೆಯ ಕೀಲಿಕೈ ಇಲ್ಲಿದೆ. ಹದಿನೆಂಟು ವರ್ಷ ಅವರ ಬಳಿ ಹಣವಿತ್ತು, ಸ್ಟುಡಿಯೋ ಇತ್ತು, ಪ್ರತಿಭೆಯಿತ್ತು, ಅರ್ಧ ಬರೆದ ಹಾಡುಗಳಿದ್ದವು. ಇಲ್ಲದೇ ಇದ್ದದ್ದು ಒಂದೇ, ಕಾಲ ಮುಗಿಯುತ್ತದೆ ಎಂಬ ಅರಿವು. ಪರೀಕ್ಷೆಯ ವೇಳಾಪಟ್ಟಿ ಬರುವವರೆಗೆ ಪುಸ್ತಕ ತೆರೆಯದ ಹುಡುಗರನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಅವರು ದಡ್ಡರಲ್ಲ. ಅವರ ಪಾಲಿಗೆ ಕಾಲ ಇನ್ನೂ ಒಂದು ಕೊಡದಲ್ಲಿ ತುಂಬಿಟ್ಟ ನೀರಾಗಿರಲಿಲ್ಲ, ಹರಿಯುವ ಹೊಳೆಯಾಗಿತ್ತು ಅಷ್ಟೇ. ವಾಟ್ಸ್ ಅವರ ಸಾವು ಉಳಿದವರಿಗೆ ಕೊಡವನ್ನು ತೋರಿಸಿತು.

ಎರಡನೆಯ ನಿರ್ಧಾರವೂ ಅಷ್ಟೇ ಮುಖ್ಯವಾದುದು. ಧ್ವನಿಮುದ್ರಣದ ಹೊಣೆಯನ್ನು ಅವರು ಆಂಡ್ರ್ಯೂ ವಾಟ್ ಎಂಬ ಮೂವತ್ತೆರಡು ವರ್ಷದ ಅಮೆರಿಕನ್ ತರುಣನಿಗೆ ಒಪ್ಪಿಸಿದರು. ಈತ ಹುಟ್ಟಿದ್ದು 1990ರಲ್ಲಿ. ಸ್ಟೋನ್ಸ್ ತಂಡದ 'ಸುವರ್ಣಯುಗ' ಮುಗಿದು ಹದಿನೆಂಟು ವರ್ಷವಾದ ಮೇಲೆ. ದಿನಕ್ಕೊಂದರಂತೆ ತಂಡದ ಬೇರೆ ಬೇರೆ ಟೀ ಶರ್ಟ್ ತೊಟ್ಟು ಸ್ಟುಡಿಯೋಕ್ಕೆ ಬರುತ್ತಿದ್ದ ಅಪ್ಪಟ ಅಭಿಮಾನಿ. ಅಭಿಮಾನಿಯ ಕೈಗೆ ಅಧಿಕಾರ ಕೊಡುವುದು ಅಪಾಯಕಾರಿ, ಹೊಗಳಿಕೆಯಲ್ಲೇ ದಿನ ಕಳೆದುಹೋಗಬಹುದು. ಆದರೆ ಈ ತರುಣ ಹಿರಿಯರನ್ನು ವಿರಾಮವಿಲ್ಲದೆ ದುಡಿಸಿದ. ಒಂದು ಹಾಡನ್ನು ನೂರು ಸಲ ನುಡಿಸಿ ಕೊರಗುವ ಬದಲು ಕೆಲವೇ ಸಲ ನುಡಿಸಿ ಮುಂದಕ್ಕೆ ಸಾಗುವಂತೆ ಮಾಡಿದ. 2022ರ ಕೊನೆಗೆ ಆರಂಭವಾದ ಮುದ್ರಣದ ಮುಖ್ಯ ಭಾಗ ಕೆಲವೇ ವಾರಗಳಲ್ಲಿ ಮುಗಿಯಿತು. ಮೂರು ಹಾಡುಗಳ ರಚನೆಯಲ್ಲಿ ಜಾಗರ್ ಮತ್ತು ರಿಚರ್ಡ್ಸ್ ಅವರೊಂದಿಗೆ ಈತನ ಹೆಸರೂ ಇದೆ. ಮೊಮ್ಮಗನ ವಯಸ್ಸಿನವನಿಗೆ 'ಇದು ಸಾಲದು, ಇನ್ನೊಮ್ಮೆ' ಎನ್ನುವ ಹಕ್ಕು ಕೊಟ್ಟು, ಅವನ ಮಾತು ಕೇಳುವುದು ಕೀರ್ತಿವಂತರಿಗೆ ಎಷ್ಟು ಕಷ್ಟವೆಂದು ಸಂಸಾರಸ್ಥರಾದ ನಿಮಗೆ ವಿವರಿಸಬೇಕಾಗಿಲ್ಲ.

ಆಲ್ಬಮ್ಮಿನ ಹೆಸರಿನ ಬಗ್ಗೆ ಒಂದು ಮಾತು. ಹ್ಯಾಕ್ನಿ ಎಂಬುದು ಪೂರ್ವ ಲಂಡನ್ನಿನ ಒಂದು ಭಾಗ. ಹಿಂದೆ ಅಲ್ಲಿ ರಾತ್ರಿ ಹೊತ್ತು ಕಳ್ಳರು ಕಾರಿನ ಗಾಜು ಒಡೆದು ಕೈಗೆ ಸಿಕ್ಕಿದ್ದನ್ನು ದೋಚಿದಾಗ, ಬೆಳಿಗ್ಗೆ ರಸ್ತೆಯ ಮೇಲೆ ಮಿನುಗುವ ಗಾಜಿನ ಚೂರುಗಳಿಗೆ ಆಡುಮಾತಿನಲ್ಲಿ 'ಹ್ಯಾಕ್ನಿ ವಜ್ರ' ಎನ್ನುತ್ತಿದ್ದರಂತೆ. ಹೊಸ ಆಲ್ಬಮ್ಮಿನ ಮೊದಲ ಸುಳಿವು ಬಂದದ್ದೂ 2023ರ ಆಗಸ್ಟಿನಲ್ಲಿ ಆ ಭಾಗದ ಸ್ಥಳೀಯ ಪತ್ರಿಕೆಯಾದ 'ಹ್ಯಾಕ್ನಿ ಗೆಜೆಟ್'ನಲ್ಲಿ ಪ್ರಕಟವಾದ ಒಂದು ಗಾಜು ದುರಸ್ತಿ ಅಂಗಡಿಯ ಜಾಹೀರಾತಿನ ಮೂಲಕ. ಅಂಥ ಅಂಗಡಿ ಇರಲೇ ಇಲ್ಲ. ಜಾಹೀರಾತಿನ ವಾಕ್ಯಗಳಲ್ಲಿ ತಂಡದ ಹಳೆಯ ಹಾಡುಗಳ ಹೆಸರುಗಳನ್ನು ಅಡಗಿಸಿಡಲಾಗಿತ್ತು. ಸೆಪ್ಟೆಂಬರ್ 6ರಂದು ಅದೇ ಭಾಗದ 'ಹ್ಯಾಕ್ನಿ ಎಂಪೈರ್' ರಂಗಮಂದಿರದಲ್ಲಿ ಮೂವರು ಹಿರಿಯರೂ ಕುಳಿತು ಆಲ್ಬಮ್ಮನ್ನು ಘೋಷಿಸಿದರು. ಈ ವಯಸ್ಸಿನಲ್ಲೂ ಇಂಥ ಹುಡುಗಾಟಿಕೆ ಉಳಿದಿದ್ದದ್ದು ಒಳ್ಳೆಯ ಲಕ್ಷಣವೇ.

ಒಟ್ಟು ಹನ್ನೆರಡು ಹಾಡುಗಳು, ಸುಮಾರು ನಲವತ್ತೆಂಟು ನಿಮಿಷ. ಬಹುಪಾಲು ಹಾಡುಗಳಿಗೆ ಸ್ಟೀವ್ ಜೋರ್ಡನ್ ಡ್ರಮ್ಸ್ ನುಡಿಸಿದ್ದಾರೆ. 'ಮೆಸ್ ಇಟ್ ಅಪ್' ಮತ್ತು 'ಲಿವ್ ಬೈ ದಿ ಸ್ವೋರ್ಡ್' ಎಂಬ ಎರಡು ಹಾಡುಗಳಲ್ಲಿ ಮಾತ್ರ 2019ರಲ್ಲಿ ಮುದ್ರಿಸಿಟ್ಟಿದ್ದ ಚಾರ್ಲಿ ವಾಟ್ಸ್ ಅವರ ವಾದನವಿದೆ. ಎರಡನೆಯದರಲ್ಲಿ ಇನ್ನೊಂದು ವಿಶೇಷ. ಮೂವತ್ತು ವರ್ಷಗಳ ಹಿಂದೆ ತಂಡ ಬಿಟ್ಟಿದ್ದ ಬಿಲ್ ವೈಮನ್, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಗತಿಸಿದ ಗೆಳೆಯನ ತಾಳದ ಜೊತೆಗೆ ಮತ್ತೊಮ್ಮೆ ಬೇಸ್ ಗಿಟಾರ್ ನುಡಿಸಲು ಬಂದರು. ಹಾಡು ಹಿಡಿತ ತಪ್ಪದ ಸಾಧಾರಣ ರಾಕ್ ಹಾಡೇ. ಶೋಕಗೀತೆಯ ಧಾಟಿ ಅದಕ್ಕಿಲ್ಲ. ಆದರೆ ಯಾರು ನುಡಿಸುತ್ತಿದ್ದಾರೆಂದು ತಿಳಿದು ಕೇಳುವವನಿಗೆ ಆ ಉತ್ಸಾಹದ ಸದ್ದೇ ಗಂಟಲು ಕಟ್ಟಿಸುತ್ತದೆ.

ಅತಿಥಿಗಳೂ ಹಲವರಿದ್ದಾರೆ. 1963ರಲ್ಲಿ ಇನ್ನೂ ಹೊಸಬರಾಗಿದ್ದ ಸ್ಟೋನ್ಸ್‌ಗೆ ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ತಮ್ಮದೊಂದು ಹಾಡನ್ನು ಕೊಟ್ಟಿದ್ದರು. ಅದು ಅವರ ಎರಡನೆಯ ಮುದ್ರಿಕೆಯಾಯಿತು. ಅರವತ್ತು ವರ್ಷಗಳ ನಂತರ ಅದೇ ಮೆಕಾರ್ಟ್ನಿ ಈ ಆಲ್ಬಮ್ಮಿನ 'ಬೈಟ್ ಮೈ ಹೆಡ್ ಆಫ್' ಹಾಡಿಗೆ ಬೇಸ್ ಗಿಟಾರ್ ನುಡಿಸಿದ್ದಾರೆ. ಎಲ್ಟನ್ ಜಾನ್ ಎರಡು ಹಾಡುಗಳಿಗೆ ಪಿಯಾನೋ ನುಡಿಸಿದ್ದಾರೆ. ಆಲ್ಬಮ್ಮಿನ ಶಿಖರವೆಂದು ನಾನು ಭಾವಿಸುವ 'ಸ್ವೀಟ್ ಸೌಂಡ್ಸ್ ಆಫ್ ಹೆವನ್' ಏಳು ನಿಮಿಷಕ್ಕೂ ಹೆಚ್ಚಿನ ಹಾಡು. ಚರ್ಚಿನ ಪ್ರಾರ್ಥನಾಗೀತೆಯ ಧಾಟಿಯಲ್ಲಿ ನಿಧಾನವಾಗಿ ಏರುತ್ತದೆ, ಮುಗಿಯಿತೆನ್ನುವಾಗ ಮತ್ತೆ ತಲೆಯೆತ್ತುತ್ತದೆ. 1972ರ ಅಮೆರಿಕ ಪ್ರವಾಸದಲ್ಲಿ ಇವರ ಜೊತೆಗಿದ್ದ ಸ್ಟೀವಿ ವಂಡರ್ ಅದರಲ್ಲಿ ಪಿಯಾನೋ ಮುಂತಾದವನ್ನು ನುಡಿಸಿದ್ದಾರೆ. ಜಾಗರ್ ಜೊತೆಗೆ ಲೇಡಿ ಗಾಗಾ ದನಿಗೂಡಿಸಿದ್ದಾರೆ. ತನಗಿಂತ ನಲವತ್ತಕ್ಕೂ ಹೆಚ್ಚು ವರ್ಷ ಚಿಕ್ಕವಳಾದ ಗಾಯಕಿಯ ಸವಾಲಿಗೆ ಎಂಬತ್ತರ ಕಂಠ ಹೆದರದೆ ಉತ್ತರ ಕೊಡುವುದನ್ನು ಅಲ್ಲಿ ಕೇಳಬಹುದು.

ರಿಚರ್ಡ್ಸ್ ಅವರ ಕೈಬೆರಳುಗಳಿಗೆ ಸಂಧಿವಾತ. ಮೊದಲಿನಂತೆ ನುಡಿಸಲಾಗದೆಂದು ಅವರೇ 2023ರ ಸಂದರ್ಶನವೊಂದರಲ್ಲಿ ಹೇಳಿದರು. ಆದರೆ ಒಂದು ದಾರಿ ಮುಚ್ಚಿದಾಗ ಗಿಟಾರೇ ಇನ್ನೊಂದು ದಾರಿಯನ್ನು ತೋರಿಸುತ್ತದೆ ಎಂಬ ಅರ್ಥದ ಮಾತನ್ನೂ ಸೇರಿಸಿದರು. 'ಟೆಲ್ ಮಿ ಸ್ಟ್ರೇಟ್' ಎಂಬ ಹಾಡನ್ನು ಅವರೇ ಹಾಡಿದ್ದಾರೆ. ಮಾಗಿದ, ಕೊಂಚ ಒಡೆದ ದನಿ. ಅದನ್ನು ಮರೆಮಾಚುವ ಪ್ರಯತ್ನ ಅಲ್ಲಿಲ್ಲ.

ಇನ್ನು ಕೊನೆಯ ಹಾಡು. ಹನ್ನೊಂದು ಹಾಡುಗಳ ಗದ್ದಲ ಮುಗಿದ ಮೇಲೆ ಅತಿಥಿಗಳೆಲ್ಲ ಹೊರಟುಹೋದಂತಾಗುತ್ತದೆ. ಉಳಿಯುವವರು ಇಬ್ಬರೇ. ರಿಚರ್ಡ್ಸ್ ಅವರ ಗಿಟಾರು, ಜಾಗರ್ ಅವರ ದನಿ ಮತ್ತು ಮೌತ್ ಆರ್ಗನ್. ಅವರು ಹಾಡುವುದು ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ ಅದೇ ಹಾಡನ್ನು. ತಮಗೆ ಹೆಸರು ಕೊಟ್ಟ ಹಾಡನ್ನು ತಂಡ ಧ್ವನಿಮುದ್ರಿಸಿದ್ದು ಅರವತ್ತೊಂದು ವರ್ಷಗಳಲ್ಲಿ ಇದೇ ಮೊದಲು. ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕಂಕುಳಲ್ಲಿದ್ದ ತಟ್ಟೆ ಹೀಗೆ ಮರಳಿ ಬಂದಿತು.

ಇದನ್ನು ನಾನು ಗುರುಋಣದ ಸಂದಾಯವೆಂದು ತಿಳಿಯುತ್ತೇನೆ. ಈ ಋಣ ಸಣ್ಣದಲ್ಲ. ಕಪ್ಪು ಕಲಾವಿದರ ಸಂಗೀತವನ್ನು ಕಲಿತ ಬಿಳಿಯ ಹುಡುಗರು ಗುರುಗಳಿಗಿಂತ ನೂರು ಪಟ್ಟು ಹೆಚ್ಚು ಹಣ, ಹೆಸರು ಗಳಿಸಿದರು ಎಂಬುದು ಇಪ್ಪತ್ತನೆಯ ಶತಮಾನದ ಸಂಗೀತದ ಇತಿಹಾಸದಲ್ಲಿ ಅಳಿಸಲಾಗದ ಸತ್ಯ. ಸ್ಟೋನ್ಸ್ ಈ ಸತ್ಯಕ್ಕೆ ಹೊರತಲ್ಲ. ಆದರೆ ಗುರುವಿನ ಹೆಸರನ್ನು ಅವರು ಮುಚ್ಚಿಡಲಿಲ್ಲ. 1964ರಲ್ಲಿ ಅಮೆರಿಕಕ್ಕೆ ಹೋದೊಡನೆ ಮಡ್ಡಿ ವಾಟರ್ಸ್ ಹಾಡುತ್ತಿದ್ದ ಶಿಕಾಗೋದ ಚೆಸ್ ಸ್ಟುಡಿಯೋಕ್ಕೆ ಹೋಗಿ ಧ್ವನಿಮುದ್ರಿಸಿದರು. 1965ರಲ್ಲಿ ಅಮೆರಿಕದ ದೂರದರ್ಶನದ 'ಶಿಂಡಿಗ್' ಕಾರ್ಯಕ್ರಮಕ್ಕೆ ಆಹ್ವಾನ ಬಂದಾಗ, ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಅವರನ್ನೂ ಕರೆಯಬೇಕೆಂದು ಪಟ್ಟುಹಿಡಿದು, ಅವರು ಹಾಡುವಾಗ ವೇದಿಕೆಯಲ್ಲೇ ಕುಳಿತು ಕೇಳಿದರು. 1981ರ ನವೆಂಬರಿನಲ್ಲಿ ಶಿಕಾಗೋದ ಪುಟ್ಟ ಕ್ಲಬ್ಬೊಂದರಲ್ಲಿ ಮಡ್ಡಿ ವಾಟರ್ಸ್ ಅವರೊಡನೆ ಹಾಡಿದರು. ಅದಾಗಿ ಎರಡು ವರ್ಷ ತುಂಬುವ ಮೊದಲೇ ಗುರು ತೀರಿಕೊಂಡರು. ಹಾಗಿದ್ದರೂ ಆ ಒಂದು ಹಾಡನ್ನು ಮಾತ್ರ ಮುಟ್ಟಿರಲಿಲ್ಲ. ಅದನ್ನು ಹಾಡುವ ವಯಸ್ಸು ತಮಗೆ ಬರಲಿ ಎಂದು ಕಾದಿದ್ದರೋ ಎನ್ನುವ ಹಾಗೆ, ಎಂಬತ್ತರ ಹೊಸ್ತಿಲಲ್ಲಿ ಹಾಡಿದರು.

ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2025ರ ಫೆಬ್ರವರಿಯಲ್ಲಿ ಶ್ರೇಷ್ಠ ರಾಕ್ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿಯೂ ದಕ್ಕಿತು. 'ವೂಡೂ ಲೌಂಜ್'ಗೆ ಅದೇ ಪ್ರಶಸ್ತಿ ಬಂದು ಆಗ ಸರಿಯಾಗಿ ಮೂವತ್ತು ವರ್ಷ. ಹಾಗೆಂದು ಇದು 1972ರ ಆಲ್ಬಮ್ಮಿಗೆ ಸಮನೆಂದು ನಾನು ಹೇಳುವುದಿಲ್ಲ. ಇತಿಹಾಸದ ತಕ್ಕಡಿಯಲ್ಲಿ ಕೈಯಿಡಬಾರದು. ಕೆಲವು ಹಾಡುಗಳ ಸದ್ದಿಗೆ ಇಂದಿನ ಕಾಲದ ಹೊಳಪು ತುಸು ಅತಿಯಾಗಿದೆ, ಎಲ್ಲವೂ ಒಂದೇ ಮಟ್ಟದಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ವಾಟ್ಸ್ ಅವರ ತಾಳದಲ್ಲಿ ಎರಡು ಪೆಟ್ಟುಗಳ ನಡುವೆ ಇರುತ್ತಿದ್ದ ಬಿಡುವು ಉಳಿದ ಹಾಡುಗಳಲ್ಲಿ ಇಲ್ಲ. ಒಂದೆರಡು ಹಾಡುಗಳು ತಮ್ಮದೇ ಹಳೆಯ ಹಾಡುಗಳ ನೆರಳಿನಂತಿವೆ. ಇಷ್ಟಾದರೂ ಹನ್ನೆರಡರಲ್ಲಿ ಏಳೆಂಟು ಹಾಡುಗಳು, ಹಾಡಿದವರ ವಯಸ್ಸನ್ನು ಹೇಳದೆ ಕೇಳಿಸಿದರೂ, ಕೇಳುಗರನ್ನು ಹಿಡಿದು ನಿಲ್ಲಿಸುತ್ತವೆ. ಕರುಣೆಯಿಂದ ಕೊಟ್ಟ ಅಂಕಗಳಲ್ಲ ಇವು.

ಈ ಆಲ್ಬಮ್ಮಿನ ಹೆಸರಿನಲ್ಲಿ 2024ರಲ್ಲಿ ಉತ್ತರ ಅಮೆರಿಕದಾದ್ಯಂತ ನಡೆದ ಪ್ರವಾಸದ ಪ್ರಾಯೋಜಕರು ಯಾರೆಂದು ಬಲ್ಲಿರಾ? ಅಮೆರಿಕದ ನಿವೃತ್ತ ನೌಕರರ ಸಂಘವೆಂದು ಹೆಸರಾಗಿ, ಈಗ ಐವತ್ತು ದಾಟಿದವರೆಲ್ಲರ ಸಂಸ್ಥೆಯಾಗಿರುವ ಎಎಆರ್‌ಪಿ. ಓದಿ ನಾನೊಬ್ಬನೇ ಕುಳಿತು ನಕ್ಕೆ. ನಮ್ಮ ಪಿಂಚಣಿದಾರರ ಸಂಘದ ಸಭೆಗಳಲ್ಲಿ ತುಟ್ಟಿಭತ್ಯೆಯ ಚರ್ಚೆ ಮುಗಿದು ಕಾಫಿ ಬರುವ ಹೊತ್ತಿಗೇ ಅರ್ಧ ಜನ ತೂಕಡಿಸುತ್ತಿರುತ್ತೇವೆ.

ಇನ್ನು "ಮುಂದೇನು ಸಾರ್?" ಎಂಬ ನಿಮ್ಮ ಪ್ರಶ್ನೆ. ಎಲ್ಲರೂ ಎಂಬತ್ತರಲ್ಲಿ ಗಿಟಾರು ಹಿಡಿಯಬೇಕೆಂದು ಈ ಚರಿತ್ರೆ ಹೇಳುವುದಿಲ್ಲ. ಸುಮ್ಮನೆ ಕುಳಿತುಕೊಳ್ಳುವುದಕ್ಕೂ ಮನುಷ್ಯನಿಗೆ ಹಕ್ಕಿದೆ, ಅದನ್ನು ದುಡಿದು ಗಳಿಸಿದ್ದೀರಿ. ಆದರೆ ನಿಮ್ಮಲ್ಲಿ ಹಲವರ ಬಳಿ ಅರ್ಧಕ್ಕೆ ನಿಂತದ್ದೊಂದು ಇದೆಯೆಂದು ನಾನು ಬಲ್ಲೆ. ಬರೆಯಬೇಕೆಂದಿದ್ದ ಊರಿನ ಇತಿಹಾಸ, ಕಲಿಯುತ್ತಾ ಬಿಟ್ಟ ಕೊಳಲು, ಅಣ್ಣತಮ್ಮಂದಿರ ನಡುವೆ ನಿಂತುಹೋದ ಮಾತು. ಅಂಥವರಿಗೆ ಈ ಮುದುಕರ ಕಥೆಯಲ್ಲಿ ಮೂರು ಸಂಗತಿಗಳಿವೆ. ಅವರು ಒಂದು ದಿನಾಂಕವನ್ನು ಗೊತ್ತುಮಾಡಿಕೊಂಡರು. ತಮಗಿಂತ ಚಿಕ್ಕವನೊಬ್ಬನ ಮಾತನ್ನು ಕೇಳಿದರು. ಎಲ್ಲಿಂದ ಹೊರಟಿದ್ದರೋ ಆ ಹಾಡಿಗೆ ಮರಳಿ ಹೋಗಲು ಸಂಕೋಚಪಡಲಿಲ್ಲ. ಈ ಮೂರಕ್ಕೂ ಹಣ ಬೇಕಿಲ್ಲ, ಕೀರ್ತಿಯೂ ಬೇಕಿಲ್ಲ. ಚಾರ್ಲಿ ವಾಟ್ಸ್ ಬದುಕಿದ್ದಾಗಲೇ ಅವರು ಇದನ್ನು ಮಾಡಿದ್ದರೆ ಹನ್ನೆರಡು ಹಾಡುಗಳಲ್ಲೂ ಆ ತಾಳವಿರುತ್ತಿತ್ತು. ಎರಡರಲ್ಲಿ ಮಾತ್ರ ಇದೆ. ಆಲ್ಬಮ್ ಕೇಳುವಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಉಳಿದ ಹತ್ತರ ಬಳಿ.

ಬಿಡುವಾದಾಗ ಕೇಳಿ ನೋಡಿ. ಕೊನೆಯ ಹಾಡಿನಿಂದ ಆರಂಭಿಸಿದರೂ ತಪ್ಪಿಲ್ಲ. ನಿಮಗೇನನ್ನಿಸಿತೆಂದು ಎರಡು ಸಾಲು ಬರೆದು ತಿಳಿಸಿದರೆ ಸಂತೋಷ.